ಸಿಂಧನೂರು ಬಸ್ಸಿನಲ್ಲಿ ಎದ್ದು ನಿಂತ ಹುಡುಗಿ

ಮಸ್ಕಿ ದಾಟಿದ್ದ ಬಸ್ಸಿನಲ್ಲಿ ಯುವಕನೊಬ್ಬ ಫಿಟ್ಸ್ ಬಂದು ನನ್ನ ಕಾಲ ಬಳಿಯೇ ಬಿದ್ದ. ಒಬ್ಬರು ಅವನ ಕೈಗೆ ಬೀಗದ ಕೈ ತುರುಕಿದರು. ಇನ್ನೊಬ್ಬರು ಬಿಗಿದ ಹಲ್ಲುಗಳ ಸಂದಿಯಲ್ಲಿ ನೀರು ಸುರಿದರು. ಅವನ ಮುಖ ನೀಲಿಗಟ್ಟಿತು.

"ನೀರು ಹಾಕಬ್ಯಾಡ್ರೀ, ಉಸಿರು ಕಟ್ಟತೈತಿ!" ಎಂದು ಪಕ್ಕದ ಸೀಟಿನ ಹುಡುಗಿ ಎದ್ದಳು. ದಾನಿಗಳ ವಿದ್ಯಾರ್ಥಿವೇತನದಿಂದ ಖಾಸಗಿ ವಿಶ್ವವಿದ್ಯಾಲಯದಲ್ಲಿ ಡಾಕ್ಟರಿಕೆ ಓದುತ್ತಿದ್ದಾಳೆಂದು ಅವಳ ತಾಯಿ ಆಗಷ್ಟೇ ಹೇಳಿದ್ದರು. ಈಗ ಅವರೇ ಅವಳ ದುಪಟ್ಟಾ ಹಿಡಿದೆಳೆದರು.

"ಕುಂದ್ರವ್ವ! ಏನರ ಆದ್ರ ನಿನ್ನ ಮ್ಯಾಲ ಬರ್ತೈತಿ, ಸ್ಕಾಲರ್‌ಶಿಪ್ ಬಂದ್ ಆಗ್ತೈತಿ."

"ಆಗ್ಲಿ ಬಿಡಬೇ. ನೋಡ್ಕೋಂತ ಕುಂದ್ರು ಅಂತ ಓದ್ಸಾಕತ್ತಾರೇನು ರೊಕ್ಕ ಕೊಡೋರು?"

ಅವಳು ನೀರಿನ ಬಾಟಲಿ ತಳ್ಳಿ ಅವನನ್ನು ಮಗ್ಗುಲಿಗೆ ಹೊರಳಿಸಿದಳು. ನೀರು, ನೊರೆ ಹೊರಬಂದವು. ಸಿಂಧನೂರು ಬರುವಷ್ಟರಲ್ಲಿ ಅವನು ಕಣ್ಣು ತೆರೆದ.

ಅವಳು ಕುಳಿತೇಬಿಟ್ಟಿದ್ದರೆ? ಈಗಲೂ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಆದರೂ ಆ ತಾಯಿಯ ಹೆದರಿಕೆಯನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.