ಅಡಿಗೆಮನೆಯಲ್ಲಿ ಮುಗಿದ ವ್ಯಾಪಾರ

ಇವತ್ತು ಬೆಳಿಗ್ಗೆ ಪೇಪರ್ ಬಿಡಿಸಿದಾಗ ಒಳಗಿನಿಂದ ಒಂದು ಬಣ್ಣದ ಚೀಟಿ ಜಾರಿ ಕಾಫಿ ಲೋಟದ ಪಕ್ಕ ಬಿತ್ತು. ಬಳ್ಳಾರಿಯಿಂದ ಕುರುಗೋಡಿಗೆ ಹೋಗುವ ರಸ್ತೆಯಲ್ಲಿ ಹೊಸ ಲೇಔಟು, ಮೂಲೆ ಸೈಟು ಎರಡೇ ಉಳಿದಿವೆ, ಭಾನುವಾರದೊಳಗೆ ಬನ್ನಿ ಎಂದಿತ್ತು. ಕೆಳಗೆ ಒಂದು ಪಕ್ಕದ ಚಿತ್ರದಲ್ಲಿ ನರೆಗೂದಲಿನ ಹೆಂಗಸೊಬ್ಬಳು ಕನ್ನಡಕ ಹಾಕಿಕೊಂಡು ನಗುತ್ತ ನಿಂತಿದ್ದಳು. ಅವಳಿಗೂ ಆ ಸೈಟುಗಳಿಗೂ ಸಂಬಂಧವಿಲ್ಲ. ಆದರೂ ಅವಳನ್ನು ಅಲ್ಲಿ ಯಾಕೆ ನಿಲ್ಲಿಸಿದ್ದಾರೆ ಎಂಬುದು ನನಗೆ ಚೆನ್ನಾಗಿ ಗೊತ್ತು. ನಾನೂ ಒಂದೂವರೆ ವರ್ಷ ಹಾಗೆಯೇ ನಿಂತಿದ್ದೆ. ವ್ಯತ್ಯಾಸವೆಂದರೆ, ನಿಂತಿದ್ದೇನೆ ಎಂಬುದು ನನಗೇ ಗೊತ್ತಿರಲಿಲ್ಲ.

ನಾನು ಬಳ್ಳಾರಿಯ ಶಿಕ್ಷಕರ ತರಬೇತಿ ಕಾಲೇಜೊಂದರಲ್ಲಿ ಮೂವತ್ತು ವರ್ಷ ಮನಃಶಾಸ್ತ್ರ ಪಾಠ ಮಾಡಿದವಳು. ಮನುಷ್ಯರ ಮನಸ್ಸು ಹೇಗೆ ಓಡುತ್ತದೆ, ಎಲ್ಲಿ ಎಡವುತ್ತದೆ ಎಂದು ಬೋರ್ಡಿನ ಮೇಲೆ ಚಿತ್ರ ಬಿಡಿಸಿ ತೋರಿಸುತ್ತಿದ್ದೆ. ನಮ್ಮ ಮನೆಯವರು ಮಾತ್ರ ಈ ವಿದ್ಯೆಗೆ ಅಷ್ಟು ಮರ್ಯಾದೆ ಕೊಡುತ್ತಿರಲಿಲ್ಲ. ಸಂತೆಯಿಂದ ನಾನು ತಂದ ಬದನೆಕಾಯಿಯನ್ನು ಹೆಚ್ಚಿ ನೋಡಿ, "ನಿನ್ನ ಶಾಸ್ತ್ರ ಕಾಯಿಪಲ್ಯೆ ಮಾರೋರ ಮುಂದ ನಡ್ಯಂಗಿಲ್ಲ ಬಿಡು" ಎನ್ನುತ್ತಿದ್ದರು. ಪ್ರತಿ ಸಲವೂ ಒಂದೆರಡು ಹುಳುಕು ಇದ್ದೇ ಇರುತ್ತಿದ್ದವು. ಮಾರುವವಳು "ನಿಮಗಂತ ಆರಿಸಿ ಕೊಟ್ಟೀನಿ ಅಮ್ಮ" ಅಂದರೆ ಮುಗಿಯಿತು, ನಾನು ಚೀಲ ಅಗಲಿಸಿ ಹಿಡಿಯುತ್ತಿದ್ದೆ.

ನಿವೃತ್ತಿಯಾಗಿ ಒಂದು ವರ್ಷ ಆಗಿತ್ತು. ಮಧ್ಯಾಹ್ನಗಳು ಉದ್ದವಾಗಿದ್ದವು. ಅಂಥ ಒಂದು ಮಧ್ಯಾಹ್ನ ಮಲ್ಲಿಕಾರ್ಜುನ ಬಂದ. ನನ್ನ ಹಳೆಯ ವಿದ್ಯಾರ್ಥಿ. ಮೊದಲ ಬೆಂಚಿನವನು. ಮೇಷ್ಟ್ರಾಗದೆ ಜಮೀನು ವ್ಯವಹಾರಕ್ಕೆ ಇಳಿದಿದ್ದ. ಹೊಲ ಕೊಳ್ಳುವುದು, ಸೈಟು ಮಾಡುವುದು, ಮಾರುವುದು. ಸೇಬಿನ ಚೀಲ ಕೆಳಗಿಟ್ಟು, ಕಾಲು ಮುಟ್ಟಿ ನಮಸ್ಕರಿಸಿ, "ಮೇಡಂ, ನೀವು ಕ್ಲಾಸಿನ್ಯಾಗ ಹೇಳಿದ್ದ ನನಗ ಇವತ್ತು ಅನ್ನ ಹಾಕಾಕತ್ತೈತ್ರಿ" ಎಂದ.

ನೀವೇ ಹೇಳಿ, ಮೂವತ್ತು ವರ್ಷದಲ್ಲಿ ಈ ಮಾತನ್ನು ಒಬ್ಬರೂ ಹೇಳದಿದ್ದವಳಿಗೆ ಅದು ಹೇಗೆ ಕೇಳಿಸಿರಬೇಕು.

ಅವನಿಗೊಂದು ತೊಡಕಿತ್ತು. ಸಂಜೆ ಎಲ್ಲ ಮಾತು ಮುಗಿಸಿ, ಕೈ ಕುಲುಕಿ, ಕಾಯಿ ಒಡೆದು ಬಂದ ವ್ಯಾಪಾರ ಬೆಳಗಾಗುವುದರೊಳಗೆ ಮುರಿದುಬೀಳುತ್ತಿತ್ತು. ಯಾಕೆ ಎಂದು ಕೇಳಿದ. ನಾನು ಕನ್ನಡಕ ಸರಿಮಾಡಿಕೊಂಡು ಹೇಳಿದೆ: "ನೀವು ಪಡಸಾಲ್ಯಾಗ ಕುಂತು ಗಂಡಸರ ಕೂಡ ಮಾತಾಡ್ತೀರಿ. ನಿರ್ಧಾರ ಆಗೋದು ಅಡಿಗಿಮನ್ಯಾಗ. ಅಲ್ಲಿ ಏನು ಭಯ ಐತಿ ಅಂತ ನಿಮಗ ಗೊತ್ತ ಇರಂಗಿಲ್ಲ." ಅವನು ಜೇಬಿನಿಂದ ಸಣ್ಣ ನೋಟುಬುಕ್ಕು ತೆಗೆದು ಅದನ್ನು ಬರೆದುಕೊಂಡ. ಹಾಗಾದರೆ ಪ್ರತಿ ಮನೆಯವರ ಬಗ್ಗೆಯೂ ಒಂದು ಪುಟ ಬರೆದಿಡು, ಯಾರಿಗೆ ಏನು ಆಸೆ, ಯಾವುದರ ಅಂಜಿಕೆ ಅಂತ, ಎಂದೂ ನಾನೇ ಹೇಳಿದೆ. ಅದನ್ನೂ ಬರೆದುಕೊಂಡ.

ಮೊದಲು ಹೋದದ್ದು ಸಿರುಗುಪ್ಪಕ್ಕೆ. ಅಲ್ಲಿ ಅಕ್ಕಿ ಗಿರಣಿಯ ಹಿಂದಿನ ಒಂದು ಜಾಗ ಹತ್ತು ತಿಂಗಳಿಂದ ಮಾತಿನಲ್ಲೇ ನಿಂತಿತ್ತು. ಗಂಡಸರು ಹೊರಗೆ ಕುಳಿತರು. ನಾನು ನೀರು ಕೇಳುವ ನೆಪದಲ್ಲಿ ಒಳಗೆ ಹೋದೆ. ಆ ಮನೆಯಾಕೆ ಮಂಡಕ್ಕಿ ಒಗ್ಗರಣೆಗೆ ಈರುಳ್ಳಿ ಹೆಚ್ಚುತ್ತಿದ್ದಳು. ನಾನೂ ಎರಡು ಈರುಳ್ಳಿ ತೆಗೆದುಕೊಂಡು ಕುಳಿತೆ. ಅವಳಿಗೆ ಬೆಲೆಯ ಚಿಂತೆಯೇ ಇರಲಿಲ್ಲ. ಬಂದ ಹಣವೆಲ್ಲ ಮೈದುನನ ವ್ಯಾಪಾರಕ್ಕೆ ಹೋಗಿಬಿಡುತ್ತದೆ ಎಂಬ ಸಂಕಟ. ನಾನು ಹೊರಗೆ ಬಂದು, ಅರ್ಧ ಅವಳ ಹೆಸರಿನ ಖಾತೆಗೆ ಹಾಕಿದರೆ ಹೇಗೆ ಎಂದೆ. ಹತ್ತು ನಿಮಿಷದಲ್ಲಿ ವ್ಯಾಪಾರ ಮುಗಿಯಿತು. ಆಕೆ ಮನೆಮಗಳಿಗೆ ತುಂಬುವ ಹಾಗೆ ನನ್ನ ಉಡಿಗೆ ಅಕ್ಕಿ ತುಂಬಿ ಕಳಿಸಿದಳು.

ಅಲ್ಲಿಂದ ನನಗೆ ರುಚಿ ಹತ್ತಿತು. ಕಾರಿನ ಮುಂದಿನ ಸೀಟಿನಲ್ಲಿ ಕುಳಿತು ಪಾಠ ಶುರುಮಾಡಿದೆ. ಮೊದಲು ಕಿವಿಗೆ ಬಿದ್ದ ದರ ಮನಸ್ಸಿನಲ್ಲಿ ಗೂಟ ಹೊಡೆದ ಹಾಗೆ ಕೂರುತ್ತದೆ, ಆಮೇಲಿನ ಮಾತೆಲ್ಲ ಅದರ ಸುತ್ತಲೇ ತಿರುಗುತ್ತದೆ ಎಂದೆ. ದರ ಹೇಳಿದ ಮೇಲೆ ಸುಮ್ಮನಿರು, ಮೌನ ತಾಳಲಾರದವರು ಮೊದಲು ಇಳಿಯುತ್ತಾರೆ ಎಂದೆ. ಹಿಂದೆಲ್ಲ ದಲ್ಲಾಳಿಗಳು ಗುಟ್ಟು ಮಾತಿಗೆ ತೆಲುಗಿಗೆ ಜಾರುತ್ತಿದ್ದರಂತೆ. ನಮ್ಮ ಕಡೆ ಅದು ಏನು ಪ್ರಯೋಜನ, ಅಂಗಳದ ಮುದುಕಿಗೂ ತೆಲುಗು ಬರುತ್ತದೆ. ಅದಕ್ಕೇ ನನ್ನ ಶಾಸ್ತ್ರವೇ ಮೇಲು ಎಂದು ನಗಾಡಿದ್ದೆ. ಹಚ್ಚೊಳ್ಳಿಯಲ್ಲಿ ಒಂದು, ರೂಪನಗುಡಿಯಲ್ಲಿ ಒಂದು, ಹೀಗೆ ಆರೇಳು ವ್ಯಾಪಾರಗಳಿಗೆ ಹೋದೆ. ಕಮಿಷನ್ ಕೊಡಲು ಬಂದಾಗ ಬೇಡವೆಂದೆ. ಬೇಡವೆಂದದ್ದರಲ್ಲೂ ಒಂದು ಹೆಮ್ಮೆ ಇತ್ತು.

ಗಂಗಮ್ಮನ ಮನೆಗೆ ಹೋದದ್ದು ಮರುವರ್ಷದ ಚಳಿಗಾಲದಲ್ಲಿ. ಕುರುಗೋಡಿನ ಹೊರಗೆ, ರಸ್ತೆಗೆ ತಾಗಿದ ಎರಡು ಎಕರೆ ಎರೆಹೊಲ ಅವಳದು ಮತ್ತು ಮೈದುನ ಶೇಖರಪ್ಪನದು. ಗಂಡ ತೀರಿಕೊಂಡು ಆರು ವರ್ಷ. ಮೈದುನನಿಗೆ ಮಾರುವ ಮನಸ್ಸಿತ್ತು, ಅವಳ ಸಹಿ ಬೇಕಿತ್ತು. ಎಂದಿನಂತೆ ನಾನು ಒಳಗೆ ಹೋದೆ. ಗಂಗಮ್ಮ ರೊಟ್ಟಿ ಬಡಿಯುತ್ತಿದ್ದಳು. ಐವತ್ತರ ಆಸುಪಾಸು, ಮಾತು ಕಡಿಮೆ. ನನ್ನನ್ನು ಮಣೆಯ ಮೇಲೆ ಕೂರಿಸಿ ಬಿಸಿ ರೊಟ್ಟಿಗೆ ಬೆಣ್ಣೆ ಹಾಕಿ ಕೊಟ್ಟಳು.

"ಮೊದಲ ಇಬ್ಬರು ಬಂದು ನೋಡಿ ಹೋದ್ರು ಟೀಚರಮ್ಮ," ಎಂದಳು. "ನೆಲ ಸವಳೈತಿ, ಉಪ್ಪು ಹತ್ತೈತಿ ಅಂದ್ರು. ಇವರು ಹೇಳಿದ್ದು ಅವರಿಗಿಂತ ಹೆಚ್ಚೈತಿ, ಖರೆ. ನನಗೇನು ತಿಳಿತೈತಿ. ನೀವು ಹೇಳ್ರಿ, ಇದು ಸರಿಯಾದ ರೇಟೇನು?"

ಮಲ್ಲಿಕಾರ್ಜುನ ದಾರಿಯಲ್ಲಿ ನನಗೆ ಸರಿಯಾದ ರೇಟೆಂದೇ ಹೇಳಿದ್ದ. ನಾನು ವಿಚಾರಿಸಿರಲಿಲ್ಲ. "ಸರಿಯಾದ ರೇಟವ್ವ" ಎಂದೆ.

ಹೆಂಚಿನ ಮೇಲಿನ ರೊಟ್ಟಿ ಉಬ್ಬುವಷ್ಟು ಹೊತ್ತು ಅವಳು ನನ್ನ ಮುಖ ನೋಡಿದಳು. ಆಮೇಲೆ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಬಾಗಿಲಲ್ಲಿ ನಿಂತು ಹೊರಗಿನವರಿಗೆ, "ಆತು, ಸೋಮವಾರ ಬರ್ತೀನಿ" ಎಂದಳು. ಮುಂಗಡವೆಂದು ಟೋಕನ್ ಹಣ ಕೊಟ್ಟರು. ಸೋಮವಾರ ರಿಜಿಸ್ಟ್ರಿ ಎಂದಾಯಿತು.

ಎರಡು ದಿನ ಕಳೆದು ಬಳ್ಳಾರಿಯಲ್ಲಿ ಮಲ್ಲಿಕಾರ್ಜುನನ ಆಫೀಸಿಗೆ ಹೋಗಿದ್ದೆ. ಅವನು ಫೋನು ಹಿಡಿದು ಹೊರಗೆ ಹೋದ. ಮೇಜಿನ ಮೇಲೆ ಆ ನೋಟುಬುಕ್ಕಿತ್ತು. ನನ್ನ ಶಿಷ್ಯನ ಬರಹ, ನನ್ನ ಪಾಠ, ನೋಡಿದರೆ ತಪ್ಪೇನು ಎಂದುಕೊಂಡು ತೆರೆದೆ. ಸಿರುಗುಪ್ಪದ ಪುಟ ಸಿಕ್ಕಿತು, ಸಂತೋಷವಾಯಿತು. ಮುಂದೆ ತಿರುವಿದೆ. ಗಂಗಮ್ಮನ ಪುಟ.

"ಇಬ್ಬರನ್ನ ಕಳಿಸಿದ್ದು ಆತು. ಸವಳು ಅನ್ನಿಸಿದ್ದು ಆತು. ದರ ಅರ್ಧಕ್ಕ ಕುಂತೈತಿ. ನಮ್ಮನ್ನ ನಂಬಂಗಿಲ್ಲ. ಮೇಡಂನ ಒಳಗ ಕಳಿಸಬೇಕು."

ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಎರಡನೇ ಸಲ ಓದಿದೆ. ಆ ಇಬ್ಬರು ಕೊಳ್ಳುವವರೇ ಅಲ್ಲ, ಇವನೇ ಕಳಿಸಿದವರು. ಗೂಟ ಹೊಡೆಯಲು ಬಂದವರು. ಕೈ ತಾನಾಗಿ ಮುಂದಿನ ಪುಟ ತಿರುವಿತು. ಅದರ ಮೇಲೆ "ಮೇಡಂ" ಎಂದು ಬರೆದು ಕೆಳಗೆ ಗೆರೆ ಎಳೆದಿತ್ತು.

"ಹೊಗಳಿದ್ರ ಸಾಕು. ರೊಕ್ಕ ಕೇಳಂಗಿಲ್ಲ. ಮಾತಾಡಾಕ ಬಿಟ್ಟು ಬರಕೊಂಡಂಗ ಮಾಡಬೇಕು. ಎಲ್ಲಾ ಹೇಳಬಾರದು. ಮುಕ ಉಪಯೋಗಕ್ಕೈತಿ."

ನಂಬುತ್ತೀರೋ ಇಲ್ಲವೋ, ಮೊದಲು ನನ್ನ ಕಣ್ಣಿಗೆ ಬಿದ್ದದ್ದು "ಮುಖ" ಎಂಬಲ್ಲಿ ಮಹಾಪ್ರಾಣ ತಪ್ಪಿದ್ದು. ಪಕ್ಕದಲ್ಲಿದ್ದ ಪೆನ್ನು ಎತ್ತಿಕೊಂಡಿದ್ದೆ ಕೂಡ. ತಿದ್ದಲು. ಆಮೇಲೆ ಆ ಮುಖ ಯಾರದೆಂದು ಹೊಳೆಯಿತು. ಪೆನ್ನು ಉರುಳಿ ಮೇಜಿನ ಕೆಳಗೆ ಹೋಯಿತು.

ಮಲ್ಲಿಕಾರ್ಜುನ ಒಳಗೆ ಬಂದ. ತೆರೆದ ಪುಟ ನೋಡಿದ. ಅವನ ಮುಖದಲ್ಲಿ ಗಾಬರಿ ಕಾಣುತ್ತದೆ ಎಂದು ಕಾದೆ. ಕಾಣಲಿಲ್ಲ. ಬಗ್ಗಿ ಪೆನ್ನು ಎತ್ತಿಟ್ಟು, ಎದುರಿಗೆ ಕುಳಿತ.

"ಇದೇನೋ ಇದು?" ಎಂದೆ.

"ನೀವ ಹೇಳಿದ್ರಲ್ರಿ ಮೇಡಂ, ಪ್ರತಿಯೊಬ್ಬರಿಗೂ ಒಂದು ಪುಟ ಇಡು ಅಂತ."

"ಅವರು ಸುಳ್ಳು ಪಾರ್ಟಿ ಅಂತ ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಒಳಗ ಹೋಗ್ತಿದ್ದಿಲ್ಲ." ಅವನ ದನಿಯಲ್ಲಿ ಒರಟುತನವಿರಲಿಲ್ಲ. ತರಗತಿಯಲ್ಲಿ ಉತ್ತರ ಒಪ್ಪಿಸುತ್ತಿದ್ದಾಗಿನ ಅದೇ ವಿನಯ. "ಬರೆದಿದ್ರಾಗ ತಪ್ಪು ಐತೇನ್ರಿ ಮೇಡಂ? ಇದ್ರ ಹೇಳ್ರಿ, ತಿದ್ಕೊಂತೀನಿ."

ನಾನು ಹುಡುಕಿದೆ. ಒಂದು ಅಕ್ಷರ ಬಿಟ್ಟರೆ ತಪ್ಪಿರಲಿಲ್ಲ.

ಮರುದಿನ ಒಬ್ಬಳೇ ಕುರುಗೋಡಿನ ಬಸ್ಸು ಹತ್ತಿದೆ. ಹೇಗೆ ಹೇಳುವುದು, ಯಾವ ಮಾತು ಮೊದಲು ಎಂದು ದಾರಿಯುದ್ದಕ್ಕೂ ಜೋಡಿಸಿದೆ. ಜೋಡಿಸಿದ್ದು ಒಂದೂ ಉಪಯೋಗಕ್ಕೆ ಬರಲಿಲ್ಲ. ಗಂಗಮ್ಮ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. ಅವಳು ಹರವುವುದನ್ನು ನಿಲ್ಲಿಸದೆ ಕೇಳಿದಳು.

"ಅವರಿಬ್ಬರೂ ಸುಳ್ಳು ಅಂತ ಅವತ್ತ ಗೊತ್ತಾತ್ರಿ ನನಗ," ಎಂದಳು.

"ಹೆಂಗ?" ಎಂದೆ.

"ಹೊಲ ತಗೊಳ್ಳೋನು ಮಣ್ಣು ಮುಟ್ಟಿ ನೋಡ್ತಾನ್ರಿ. ಅವರು ಕಾರು ಇಳೀಲೇ ಇಲ್ಲ. ಕಾರಿನ್ಯಾಗ ಕುಂತು ಸವಳು ಅಂದ್ರು. ನಿಮ್ಮ ಆ ಹುಡುಗನ್ನೂ ನಾ ನಂಬಿದ್ದಿಲ್ಲ. ಭಾಳ ನಯ ಮಾತಾಡ್ತಾನ."

"ಮತ್ತ ಯಾಕ ಒಪ್ಪಿದಿ ಗಂಗಮ್ಮ?"

ಆಗ ಅವಳು ಕೈ ನಿಲ್ಲಿಸಿ ನನ್ನ ಕಡೆ ತಿರುಗಿದಳು. "ನೀವು ಸರಿಯಾದ ರೇಟು ಅಂದ್ರಲ್ರಿ."

ಅಲ್ಲೇ ಕಟ್ಟೆಯ ಮೇಲೆ ಕುಳಿತೆ. ಮೆಣಸಿನಕಾಯಿ ಘಾಟಿಗೆ ಕಣ್ಣುರಿಯುತ್ತಿತ್ತು, ಅದೊಂದು ಅನುಕೂಲವೇ ಆಯಿತು. ಅವನು ಕಟ್ಟಿದ ಬಲೆಯಲ್ಲಿ ಈ ಹೆಂಗಸು ಎಲ್ಲ ಎಳೆಗಳನ್ನೂ ಕಂಡಿದ್ದಳು. ಕಾಣದೆ ಸಿಕ್ಕಿಬಿದ್ದದ್ದು ಒಂದೇ ಎಳೆಗೆ. ಅದು ನಾನು. ನನ್ನ ಗೂಟ, ನನ್ನ ಮೌನ, ನನ್ನ ಶಾಸ್ತ್ರ ಯಾವುದೂ ಅವಳ ಮುಂದೆ ನಡೆದಿರಲಿಲ್ಲ. ನಡೆದದ್ದು ನಾನು ತಿಳಿಯದೆ ಆಡಿದ ಒಂದು ಮಾತು ಮಾತ್ರ.

"ಸೋಮವಾರ ಸಹಿ ಮಾಡಬ್ಯಾಡ" ಎಂದೆ.

"ಹಂಗ ಹೆಂಗ ಬರ್ತೈತ್ರಿ. ಮಾತು ಕೊಟ್ಟೀನಿ." ಮತ್ತೆ ಮೆಣಸಿನಕಾಯಿ ಹರವುತ್ತ ಹೇಳಿದಳು: "ಆದ್ರ ಅವರಿಗೆ ಕೊಟ್ಟಿದ್ದಲ್ಲ, ನಿಮಗ ಕೊಟ್ಟಿದ್ದು. ನೀವ ವಾಪಸ್ ಕೊಡ್ರಿ. ಇಲ್ಲಲ್ಲ, ಅಲ್ಲಿ, ಎಲ್ಲಾರ ಮುಂದ."

ಸೋಮವಾರ ರಿಜಿಸ್ಟ್ರಿ ಆಫೀಸಿನ ಬೇವಿನ ಮರದ ಕೆಳಗೆ ಎಲ್ಲರೂ ಸೇರಿದೆವು. ನಾನು ಗಂಗಮ್ಮನ ಪಕ್ಕದ ಬೆಂಚಿನಲ್ಲಿ ಕುಳಿತೆ. ದರ ಸರಿಯಿಲ್ಲ, ಸಹಿ ಮಾಡುವುದಿಲ್ಲ ಎಂದು ಅವಳು ಹೇಳಿದ ಕೂಡಲೇ ಶೇಖರಪ್ಪನ ಮುಖ ಕೆಂಪಾಯಿತು. ಮಲ್ಲಿಕಾರ್ಜುನ ಏನೂ ಅನ್ನದೆ ಸುಮ್ಮನೆ ಕುಳಿತ. ಆ ಮೌನ ನಾನು ಕಲಿಸಿದ್ದು. ಗಂಗಮ್ಮ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು. ಅವಳ ಎಲೆ ಮುಗಿಯುವ ಮೊದಲೇ ಅವನ ಮೌನ ಮುಗಿಯಿತು. ಎದ್ದು ನಿಂತು, "ಇರ್ಲಿ ಬಿಡ್ರಿ, ಬ್ಯಾರೆ ಪಾರ್ಟಿ ನನಗ ಕಾಯಾಕತ್ತಾರ" ಎಂದ. ಅದೂ ನಾನೇ ಹೇಳಿಕೊಟ್ಟ ಪಾಠ.

"ಹೋಗಿ ಬರ್ರಿ," ಎಂದಳು ಗಂಗಮ್ಮ. "ಪಾಪ, ಅವರನ್ನ ಯಾಕ ಕಾಯಿಸ್ತೀರಿ."

ಅವನು ಹೋಗಲಿಲ್ಲ. ನನ್ನ ಕಡೆ ತಿರುಗಿ, ಬಹಳ ಮೆಲ್ಲಗೆ, "ಮೇಡಂ, ನೀವಾರ ಒಂದು ಮಾತು ಹೇಳ್ರಿ" ಎಂದ.

ಎಲ್ಲರೂ ನನ್ನನ್ನು ನೋಡಿದರು. ಮೂವತ್ತು ವರ್ಷ ತರಗತಿಯಲ್ಲಿ ಗೊತ್ತಿಲ್ಲ ಎಂಬ ಪದವನ್ನು ನಾನು ಬಳಸಿದವಳಲ್ಲ. ಗೊತ್ತಿಲ್ಲದಿದ್ದಾಗ ಪ್ರಶ್ನೆಯನ್ನೇ ಹೊರಳಿಸಿ ಹುಡುಗರಿಗೆ ಕೊಡುತ್ತಿದ್ದೆ. ಅವತ್ತು ಎದ್ದು ನಿಂತೆ.

"ಗಂಗಮ್ಮ, ಅವತ್ತು ಅಡಿಗಿಮನ್ಯಾಗ ನಾ ಸರಿಯಾದ ರೇಟು ಅಂದೆ. ನನಗ ಗೊತ್ತಿರಲಿಲ್ಲ. ಗೊತ್ತಿಲ್ದ ಹೇಳಿದೆ. ನೀನು ಕೊಟ್ಟ ಮಾತು ವಾಪಸ್ ಕೊಟ್ಟೀನಿ."

ಅವಳು ತಲೆಯಾಡಿಸಿ, ಚೀಲದಿಂದ ಟೋಕನ್ ಹಣದ ಪೊಟ್ಟಣ ತೆಗೆದು ಮಲ್ಲಿಕಾರ್ಜುನನ ಮುಂದಿಟ್ಟಳು. ಅದಕ್ಕೆ ಸುತ್ತಿದ ಪೇಪರನ್ನೂ ಬಿಚ್ಚಿರಲಿಲ್ಲ. ಕೈಗೆ ಬಂದ ಹಣ ಹಿಂದಕ್ಕೆ ಕೊಡುವ ಮನಸ್ಸು ಯಾರಿಗೂ ಬರುವುದಿಲ್ಲ ಎಂದು ನಾನು ಪಾಠ ಮಾಡಿದ್ದೆ. ಬಿಚ್ಚದಿದ್ದರೆ ಅದು ಕೈಗೆ ಬಂದ ಲೆಕ್ಕವಲ್ಲ ಎಂಬುದನ್ನು ಅವಳಿಗೆ ಯಾರು ಕಲಿಸಿದ್ದರೋ.

ಶೇಖರಪ್ಪ ಎರಡು ತಿಂಗಳು ಅತ್ತಿಗೆಯ ಜೊತೆ ಮಾತು ಬಿಟ್ಟ. ಮುಂದಿನ ವರ್ಷ ರಸ್ತೆಯ ಕಡೆಯ ಅರ್ಧ ಎಕರೆಯನ್ನು ಮಾತ್ರ ಗಂಗಮ್ಮ ಮಾರಿದಳು. ಕೊಂಡವನು ಮಲ್ಲಿಕಾರ್ಜುನನೇ. ದರ ಅವಳದು. ಮೂರು ಸಲ ಅಲೆದಾಡಿಸಿ, ಮೂರನೇ ಸಲ ಅವನಿಂದಲೇ ಹೊಲದ ಮಣ್ಣು ಮುಟ್ಟಿಸಿ ಒಪ್ಪಿದಳಂತೆ. ಆಮೇಲೆ ಶೇಖರಪ್ಪ ಊರೆಲ್ಲ ನಮ್ಮತ್ತಿಗಿ, ನಮ್ಮತ್ತಿಗಿ ಎಂದು ಹೇಳಿಕೊಂಡು ತಿರುಗಿದ. ಮಲ್ಲಿಕಾರ್ಜುನ ಈಗಲೂ ಯುಗಾದಿಗೆ ಫೋನಿನಲ್ಲಿ ಶುಭಾಶಯ ಕಳಿಸುತ್ತಾನೆ. ನಾನು ಓದುತ್ತೇನೆ, ಉತ್ತರ ಬರೆಯುವುದಿಲ್ಲ. ಅವನ ಮೇಲೆ ಸಿಟ್ಟಿದೆಯೇ ಎಂದರೆ, ಇದೆ. ಆದರೆ ಸಿಟ್ಟು ಮಾಡಿಕೊಳ್ಳಲು ಕುಳಿತಾಗೆಲ್ಲ ಅರ್ಧ ದಾರಿಯಲ್ಲಿ ನಾನೇ ಎದುರಾಗುತ್ತೇನೆ.

ನಿನ್ನೆ ಗಂಗಮ್ಮ ಫೋನು ಮಾಡಿದ್ದಳು. ಮಗಳಿಗೆ ಸಿರುಗುಪ್ಪದಲ್ಲಿ ಒಂದು ಸಂಬಂಧ ಬಂದಿದೆ, ಹುಡುಗನ ಮನೆ ನೋಡಲು ಜೊತೆಗೆ ಬರಬೇಕು ಎಂದಳು. ನನಗೆ ಮನುಷ್ಯರನ್ನು ನೋಡಿ ಹೇಳಲು ಬರುವುದಿಲ್ಲ ಗಂಗಮ್ಮ, ನನ್ನನ್ನು ಏನೂ ಕೇಳಬೇಡ ಎಂದೆ. ಈ ಮಾತು ಈಗ ಎಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ ಎಂದು ನನಗೇ ಆಶ್ಚರ್ಯ.

ಅವಳು ಆ ಕಡೆಯಿಂದ ನಕ್ಕಳು. "ಮಂದೀನ ನಾ ನೋಡ್ಕೊಂತೀನ್ರಿ. ನೀವು ಹೋಳಿಗಿ ಉಂಡು ಬರ್ರಿ."

ನಾಳೆ ಹತ್ತೂವರೆ ಬಸ್ಸಿಗೆ ಹೋಗುತ್ತಿದ್ದೇನೆ.