ರಬ್ಬರು ನೀಲವ್ವನದು, ಗಾಲಿ ಗೌಡರದು

೧೯೪೩ನೆಯ ಇಸವಿ. ಶಿಗ್ಗಾಂವಿಯಲ್ಲಿ ಬಂಕಾಪುರಕ್ಕೆ ಹೋಗುವ ರಸ್ತೆಯ ಮಗ್ಗುಲಿಗೆ ನನ್ನದೊಂದು ಸೈಕಲ್ ಅಂಗಡಿ. ರಿಪೇರಿ, ಬಾಡಿಗೆ, ಬಿಡಿಭಾಗಗಳ ಮಾರಾಟ, ಎಲ್ಲಕ್ಕೂ ನಾನೊಬ್ಬನೇ. ಅಪ್ಪ ಇಟ್ಟ ಹೆಸರು ರುದ್ರಪ್ಪ. ಊರು ಇಟ್ಟ ಹೆಸರು ಅನುಮಾನದ ರುದ್ರಪ್ಪ. ನನ್ನ ಹೆಂಡತಿಯಂತೂ "ನಿಮಗ ಶಿವ ಪ್ರತ್ಯಕ್ಷ ಆದ್ರೂ ಮೊದಲ ಚಿವುಟಿ ನೋಡ್ತೀರಿ" ಎನ್ನುತ್ತಿದ್ದಳು. ಹೌದು, ನೋಡುತ್ತಿದ್ದೆ! ಆ ಕಾಲದಲ್ಲಿ ಚಿವುಟಿ ನೋಡದೆ ಸೈಕಲ್ ಸಾಮಾನು ಕೊಂಡವನು ಅಂಗಡಿ ಮುಚ್ಚಿಕೊಂಡು ಹೋಗಬೇಕಾಗಿತ್ತು.

ಯುದ್ಧ ನಡೆದಿತ್ತು. ವಿಲಾಯ್ತಿ ಮಾಲು ಬರುವುದು ನಿಂತಿತ್ತು. ಹುಬ್ಬಳ್ಳಿಯ ದಲಾಲರ ಹತ್ತಿರ ಸಿಗುತ್ತಿದ್ದ ಹೊಸ ಚೈನು ಎಂದರೆ ಹಳೆಯದನ್ನೇ ಸೀಮೆಎಣ್ಣೆಯಲ್ಲಿ ನೆನೆಸಿ, ತಿಕ್ಕಿ, ಕರಿ ಬಳಿದದ್ದು. ಅದನ್ನು ಕಂಡುಹಿಡಿಯಲು ನಾನು ಚೈನನ್ನು ಅಡ್ಡಲಾಗಿ ಮುಂದಕ್ಕೆ ಚಾಚಿ ಹಿಡಿಯುತ್ತಿದ್ದೆ. ಹೊಸದಾದರೆ ಸೆಟೆದು ನಿಲ್ಲುತ್ತದೆ, ಸವೆದದ್ದಾದರೆ ಬಾಡಿದ ಅವರೆಕಾಯಿಯಂತೆ ಜೋತು ಬೀಳುತ್ತದೆ. ಹಿಂದಿನ ಗಾಲಿಗೆ ಕೂಡಿಸುವ ಫ್ರೀವ್ಹೀಲನ್ನು ಕಿವಿಗೆ ಹಿಡಿದು ತಿರುವುತ್ತಿದ್ದೆ. ಸದ್ದೇ ಮಾಡದಿದ್ದರೆ ಹಲ್ಲು ಸವೆದದ್ದನ್ನು ಮುಚ್ಚಲು ಒಳಗೆ ಗ್ರೀಸು ತುಂಬಿದ್ದಾರೆ ಎಂದೇ ಲೆಕ್ಕ. ಹಿರೇಕೆರೂರಿನಿಂದ ಒಬ್ಬ ತಂದ ಟ್ಯೂಬನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿದರೆ ಭಜ್ಜಿ ಕರಿದಂತೆ ಗುಳ್ಳೆ ಎದ್ದವು. ಇಷ್ಟೆಲ್ಲ ಎಚ್ಚರದ ನಾನೇ ಹಾನಗಲ್ಲ ಸಂತೆಯಲ್ಲಿ ಕೊಂಡ ಪಾನಾ, ಅಂದರೆ ನಟ್ಟು ಬಿಚ್ಚುವ ಉಪಕರಣ, ಮೊದಲನೆಯ ನಟ್ಟಿಗೇ ಬಾಯಿ ಅಗಲಿಸಿಕೊಂಡಿತು. ಅಂದಿನಿಂದ ಪಾನಾವನ್ನೂ ಅಲ್ಲೇ ಹಾಕಿ ತಿರುವಿ ನೋಡಿಯೇ ಕೊಂಡೆ.

ಇಂಥ ದಿನಗಳಲ್ಲಿ ನೀಲವ್ವ ನನ್ನ ಅಂಗಡಿಗೆ ಬಂದಳು. ಸವಣೂರಿನವಳು, ಚಪ್ಪಲಿ ಹೊಲಿಯುವ ಮನೆತನ, ಗಂಡ ತೀರಿಕೊಂಡಿದ್ದ. ಬುಟ್ಟಿಯ ತುಂಬ ಬ್ರೇಕ್ ರಬ್ಬರು. ಆಗಿನ ಸೈಕಲ್ಲಿಗೆ ಕಂಬಿಯ ಬ್ರೇಕು. ಹಿಡಿಕೆ ಒತ್ತಿದರೆ ಬೆರಳುದ್ದದ ರಬ್ಬರಿನ ತುಂಡುಗಳು ಗಾಲಿಯ ಉಕ್ಕಿನ ಬಳೆಯನ್ನು, ಅಂದರೆ ರಿಮ್ಮನ್ನು, ಒಳಗಿನಿಂದ ಒತ್ತಿ ಹಿಡಿಯುತ್ತವೆ. ಸವಾರನ ಜೀವ ಆ ತುಂಡುಗಳ ಮೇಲೆ. ಪೇಟೆಯಲ್ಲಿ ಅವೇ ಇರಲಿಲ್ಲ. ಜನ ಇಳುಕಲಿನಲ್ಲಿ ಕಾಲು ನೆಲಕ್ಕೆ ಊರಿ ಸೈಕಲ್ ನಿಲ್ಲಿಸುತ್ತಿದ್ದರು.

"ಇದೆಲ್ಲಿಂದ ಬಂತು?" ಎಂದೆ.

"ನಾನ ಮಾಡೇನ್ರಿ ಅಣ್ಣಾರ. ಲಾರಿ ಟಾಯರ ಕೊರದು."

"ಟಾಯರ ಎಲ್ಲಿಂದ ಬಂತು?"

"ಚಪ್ಪಲಿಗೆ ಅಂತ ತಂದದ್ರಿ. ಬರ್ರಿ, ಮನೀಗೆ ಬಂದ ನೋಡ್ರಿ. ನಿಮ್ಮ ಮಾರಿ ನೋಡಿದ್ರ ಹಂಗ ನಂಬೂ ಪೈಕಿ ಅಲ್ಲ ನೀವು."

ಹೋದೆ! ಒಂದು ನೆವ ಮಾಡಿಕೊಂಡು ಸವಣೂರಿಗೆ ಹೋಗಿ ಅವಳ ಪಡಸಾಲೆಯಲ್ಲಿ ಕುಳಿತು ಕಣ್ಣಾರೆ ನೋಡಿದೆ. ಗಂಡ ಬಿಟ್ಟುಹೋದ ಚರ್ಮ ಕೊಯ್ಯುವ ರಂಪಿ, ಉಜ್ಜಲು ಒಂದು ಅರ, ತೂತು ಕೊರೆಯಲು ಕೈಯಿಂದ ತಿರುವುವ ಬೈರಿಗೆ, ಅಷ್ಟೇ ಅವಳ ಕಾರ್ಖಾನೆ. ರಂಪಿಯನ್ನು ನೀರಿನಲ್ಲಿ ಅದ್ದಿ ಅದ್ದಿ ಟಾಯರು ಕೊಯ್ಯುತ್ತಿದ್ದಳು. ಕೊಯ್ದ ತುಂಡುಗಳೆಲ್ಲ ಒಂದೇ ಅಳತೆ. ಆದರೂ ನಾನು ಸುಮ್ಮನೆ ಕೊಳ್ಳಲಿಲ್ಲ. ಒಂದು ಜೊತೆ ತಂದು ನನ್ನ ಸೈಕಲ್ಲಿಗೇ ಹಾಕಿದೆ. ಹಿಂದೆ ಒಂದು ಚೀಲ ಜೋಳ ಕಟ್ಟಿದೆ. ಕೆರೆ ಏರಿಯ ಇಳುಕಲಿನಲ್ಲಿ ಬಿಟ್ಟುಕೊಂಡು ಬಂದು ಅರ್ಧ ದಾರಿಯಲ್ಲಿ ಬ್ರೇಕು ಒತ್ತಿದೆ. ಸೈಕಲ್ಲು ನಿಂತಿತು. ಒದ್ದೆಯಾದ ರಿಮ್ಮಿನ ಮೇಲೂ ನಿಂತಿತು, ತುಸು ತಡವಾಗಿ. ಆಮೇಲೆಯೇ ಬುಟ್ಟಿ ಇಳಿಸಿಕೊಂಡದ್ದು. ಅನುಮಾನದ ರುದ್ರಪ್ಪ ತಗೊಂಡನಂತೆ ಎಂದು ತಿಳಿದ ಮೇಲೆ ಊರೆಲ್ಲ ತಗೊಂಡಿತು. ಸಂತೆಯಲ್ಲಿ ಅವಳಿಗೊಂದು ಜಾಗ ಸಿಕ್ಕಿತು. ಗಂಡ ಸತ್ತ ಮೇಲೆ ಅವಳ ಮನೆಯ ಒಲೆ ನೆಟ್ಟಗೆ ಉರಿಯತೊಡಗಿದ್ದು ಆಗಲೇ.

ಆ ವರ್ಷದ ಖಂಡೇ ಪೂಜೆ ಬಂತು. ನಮ್ಮ ಕಡೆ ಅಂದು ಕೊಡಲಿ, ಕುಡಗೋಲು, ಬಂಡಿ, ತಕ್ಕಡಿ, ಏನೇ ದುಡಿಯುವ ಸಾಮಾನಿರಲಿ, ತೊಳೆದು ಪೂಜೆ ಮಾಡುತ್ತಾರೆ. ಮರುದಿನ ಬನ್ನಿ. ಬನ್ನಿಯ ಎಲೆ ಕೊಟ್ಟು, "ಬಂಗಾರದಂಗ ಇರೋಣು" ಎಂದು ಹಳೆಯ ಜಗಳಗಳನ್ನೆಲ್ಲ ಬಿಡುವ ದಿನ. ಆ ದಿನವೇ ಬಸನಗೌಡರ ಒಬ್ಬನೇ ಮಗ ಶಂಕರಗೌಡ, ಬಂಕಾಪುರದ ನಂಟರಿಗೆ ಬನ್ನಿ ಕೊಡಲು ಸೈಕಲ್ ಹತ್ತಿ ಹೊರಟವನು, ಕೆರೆ ಏರಿಯ ಇಳುಕಲಿನಲ್ಲಿ ಬ್ರೇಕು ಹತ್ತದೆ ತಗ್ಗಿಗೆ ಬಿದ್ದ. ಹಣೆ ಒಡೆದಿತ್ತು, ಕಾಲು ಮುರಿದಿತ್ತು. ಇನ್ನೊಂದು ಮಾರು ಆಚೆಗೆ ಬಿದ್ದಿದ್ದರೆ ಬಂಡೆಗಲ್ಲು.

ಬಸನಗೌಡರು ಊರಿಗೆ ದೊಡ್ಡವರು. ನನ್ನ ಅಂಗಡಿಯ ಜಾಗವೂ ಅವರದೇ. ಸಂಜೆ ಆಳನ್ನು ಕರೆದುಕೊಂಡು ಬಂದು, ಸೈಕಲ್ಲಿನಿಂದ ಕಿತ್ತ ನೀಲವ್ವನ ರಬ್ಬರುಗಳನ್ನು ನನ್ನ ಮುಂದೆ ಒಗೆದರು.

"ನೋಡು ರುದ್ರಪ್ಪ. ಇದು ರಬ್ಬರಲ್ಲ, ಬೆಣ್ಣಿ. ಮುಂದಿನ ಸಂತಿಗೆ ಆಕಿ ಊರಾಗ ಕಾಲಿಡಬಾರದು. ಫೌಜದಾರರಿಗೂ ಹೇಳಿ ಕಳಸಾಂವ ಅದೇನಿ."

"ಸೈಕಲ್ ಎಲ್ಲೈತ್ರಿ ಗೌಡ್ರ?"

"ಸೈಕಲ್ಲಿಂದೇನೈತಿ? ಅದು ವಿಲಾಯ್ತಿದು."

ನಿಜ ಹೇಳಬೇಕೆಂದರೆ ನನ್ನ ಅನುಮಾನವೂ ಮೊದಲು ಹರಿದದ್ದು ನೀಲವ್ವನ ಕಡೆಗೇ. ತೋರಿಸುವ ಮಾದರಿ ಒಂದು, ಕೊಡುವ ಮಾಲು ಇನ್ನೊಂದು. ಇದು ವ್ಯಾಪಾರದ ಹಳೆಯ ಚಾಳಿ. ಮೊದಲ ಬುಟ್ಟಿಯಲ್ಲಿ ಒಳ್ಳೆಯದನ್ನು ಕೊಟ್ಟು, ಎರಡನೆಯದರಲ್ಲಿ ಕೊಳೆತ ಟಾಯರು ಕೊಯ್ದಿರಬಹುದಲ್ಲ? ಸುದ್ದಿ ಹಬ್ಬುತ್ತಲೇ ಜನ ಬಂದು ತಮ್ಮ ಸೈಕಲ್ಲಿನ ರಬ್ಬರು ಬಿಚ್ಚಿಸತೊಡಗಿದರು. ಮರುದಿನ ನೀಲವ್ವನೇ ಸವಣೂರಿನಿಂದ ಓಡಿ ಬಂದಳು. ಅಂಗಡಿಯ ಕಟ್ಟೆ ಹತ್ತದೆ ಕೆಳಗೇ ನಿಂತಳು.

"ಅಣ್ಣಾರ, ನಿಮ್ಮಂಥಾ ಅನುಮಾನದ ಮನುಷ್ಯಾ ತಗೊಂಡಾನಂತ ಊರು ತಗೊಂತು. ಈಗ ಬಿಡ್ತು. ನಂದು ಖೋಟಿ ಇದ್ರ ನೀವ ಹೇಳ್ರಿ, ನಾನ ಬುಟ್ಟಿ ಕೆರಿಗೆ ಒಗದು ಹೋಗ್ತೇನಿ. ಗೌಡ್ರ ಬಾಯಿಲೆ ಕೇಳಿ ಹೋಗಾಕಿ ಅಲ್ಲ."

ಗೌಡರು ಕೊಟ್ಟ ರಬ್ಬರಿಗೆ ಕೆಸರು ಮೆತ್ತಿತ್ತು. ಪರೀಕ್ಷೆಗೆ ಮೊದಲು ಏನನ್ನೇ ಆಗಲಿ ಸೋಡಾ ನೀರಿನಲ್ಲಿ ತಿಕ್ಕಿ ತೊಳೆಯುವುದು ನನ್ನ ಪದ್ಧತಿ. ಹಾಗೆಯೇ ತೊಳೆದೆ. ಅರ್ಧ ಸಾಕ್ಷಿ ಆ ನೀರಿನಲ್ಲೇ ಹರಿದು ಹೋಯಿತೆಂದು ಆಗ ಹೊಳೆಯಲಿಲ್ಲ. ನನ್ನ ಸೈಕಲ್ಲಿಗೆ ಹಾಕಿ, ಜೋಳದ ಚೀಲ ಕಟ್ಟಿ, ಅದೇ ಇಳುಕಲಿನಲ್ಲಿ ಇಳಿದೆ. ಬಿದ್ದರೆ ನಾನೂ ಅದೇ ತಗ್ಗಿಗೇ ಬೀಳುವವನು. ಒತ್ತಿದೆ. ಸೈಕಲ್ಲು ಗಕ್ಕನೆ ನಿಂತಿತು. ನೀಲವ್ವ ಏರಿಯ ಮೇಲೆ ನಿಂತು ನೋಡುತ್ತಿದ್ದಳು.

ಗೌಡರಿಗೆ ಹೇಳಿದರೆ ಅವರು ನನ್ನ ಮೇಲೆಯೇ ತಿರುಗಿದರು. "ರಬ್ಬರ ಬದಲಿ ಮಾಡೀದಿ. ಆಕಿ ನೀನು ಒಂದಾಗೀರಿ." ಅಲ್ಲಿಗೆ ನನ್ನ ಅನುಮಾನಕ್ಕೆ ರೆಕ್ಕೆ ಬಂತು. ರಬ್ಬರು ಹಿಡಿಯುತ್ತದೆ ಎಂದಾದರೆ ಹಿಡಿಸಿಕೊಳ್ಳದ್ದು ಯಾವುದು? ಸೈಕಲ್ಲನ್ನು ನನಗೇಕೆ ತೋರಿಸುತ್ತಿಲ್ಲ? "ನಿಮ್ಮ ಅಂಗಳದಾಗ, ನಿಮ್ಮ ಕಣ್ಣ ಮುಂದ ನೋಡೂಣ್ರಿ" ಎಂದು ಅವರ ಬೆನ್ನು ಹತ್ತಿದೆ. ಬ್ಯಾಡ ಎನ್ನಲು ಅವರಿಗೆ ದಾರಿ ಇರಲಿಲ್ಲ.

ಸೈಕಲ್ಲು ಕೊಟ್ಟಿಗೆಯ ಗೋಡೆಗೆ ಒರಗಿತ್ತು. ಹಿಡಿಕೆಗೆ ಪೂಜೆಯ ಚೆಂಡುಹೂವಿನ ಸರ ಇನ್ನೂ ಇತ್ತು. ನೀಲವ್ವನ ರಬ್ಬರು ಹಾಕಿ, ಹಿಂದಿನ ಗಾಲಿ ಎತ್ತಿ, ಪೆಡಲು ತಿರುವಿ ಬ್ರೇಕು ಒತ್ತಿದೆ. ಗಾಲಿ ನಿಲ್ಲಲಿಲ್ಲ, ತಿರುಗುತ್ತಲೇ ಹೋಯಿತು.

"ಕಂಡ್ಯಾ?" ಎಂದರು ಗೌಡರು.

ನಾನು ಕಿಸೆಯಿಂದ ಇನ್ನೊಂದು ಜೊತೆ ತೆಗೆದೆ. ಯುದ್ಧಕ್ಕಿಂತ ಮೊದಲು ಬಂದದ್ದು, ಅಪ್ಪಟ ವಿಲಾಯ್ತಿ, ಯಾರಿಗೂ ಮಾರದೆ ಜೋಪಾನ ಮಾಡಿದ್ದು. ಅದನ್ನು ಹಾಕಿ ತಿರುವಿದೆ, ಒತ್ತಿದೆ. ಗಾಲಿ ಅದಕ್ಕೂ ನಿಲ್ಲಲಿಲ್ಲ. ಗೌಡರ ಮುಖ ಸಣ್ಣದಾಯಿತು. ನಾನು ಕೆಸರು ಒಣಗಿದ ರಿಮ್ಮಿನ ಒಳಮೈಗೆ ಬೆರಳಾಡಿಸಿ, ಮೂಗಿಗೆ ಹಿಡಿದೆ. ಮಣ್ಣಿನ ಕೆಳಗೆ ವಿಭೂತಿ, ವಿಭೂತಿಯ ಕೆಳಗೆ ಜಿಡ್ಡು.

"ಕುಸುಬಿ ಎಣ್ಣಿರಿ ಗೌಡ್ರ. ಯಾರೋ ರಿಮ್ಮಿಗೆ ಹಚ್ಯಾರ."

"ಯಾಂವ ಅಂವಾ?" ಗೌಡರು ಗುಡುಗಿದರು. "ನನ್ನ ಮಗನ ಜೀವಕ್ಕ ಗಂಟ ಬಿದ್ದಾಂವ ಯಾರು?" ಆಳು ಹಿಂದಕ್ಕೆ ಸರಿದ. ಹೊಲದ ತಕರಾರಿನಲ್ಲಿದ್ದ ದಾಯಾದಿಯ ಹೆಸರೂ ಬಂತು. ಒಂದು ಗಳಿಗೆಯಲ್ಲಿ ಆ ಅಂಗಳದಲ್ಲಿ ಅನುಮಾನಕ್ಕೆ ಹೊರತಾದವರು ಯಾರೂ ಉಳಿಯಲಿಲ್ಲ. ನಾನೂ ಆಳಿನ ಕೈಯನ್ನೇ ನೋಡುತ್ತಿದ್ದೆ.

ಆಗ ಒಳಬಾಗಿಲಿನಿಂದ ಗೌಡಸಾನಿ ಈರಮ್ಮನವರು ಬಂದರು.

"ಯಾರನ್ನೂ ಬೈಬ್ಯಾಡ್ರಿ. ಖಂಡೇ ಪೂಜಿಗೆ ನಾನ ಹಚ್ಚೇನಿ. ಬಂಡಿ ಗಾಲಿಗೆ ಹಚ್ಚೂದಿಲ್ಲೇನ್ರಿ? ಗಾಲಿ ಎಣ್ಣಿ ಕುಡದ್ರ ಮನೀ ಮಂದಿ ಸುಖವಾಗಿ ಹೋಗಿ ಬರ್ತಾರಂತ ನಮ್ಮತ್ತಿ ಹೇಳತಿದ್ರು. ಕಡ್ಡಿ, ಬಳಿ ಒಂದೂ ಬಿಡದಂಗ ಹಚ್ಚೇನಿ."

ಬಂಡಿಯ ನಾಡು ನಮ್ಮದು. ಅಚ್ಚಿಗೆ ಎಣ್ಣೆ ಬೀಳದ ಗಾಲಿ ನಮ್ಮವರ ಕಣ್ಣಿಗೆ ಹಸಿದ ಗಾಲಿ. ಆದರೆ ಸೈಕಲ್ಲಿನಲ್ಲಿ ಬಳೆಯೇ ಬ್ರೇಕಿನ ಹಿಡಿತದ ಜಾಗ ಎಂಬುದು ಆ ತಾಯಿಗೆ ಹೇಗೆ ಗೊತ್ತಾಗಬೇಕು? ಅವರು ನನ್ನ ಮುಖ ನೋಡಿದರು.

"ಅಂದ್ರ ನನ್ನ ಮಗನ್ನ ನಾನ ಕೆಡವಿದೆನೇನ್ರಿ ರುದ್ರಪ್ಪಾರ?"

"ಕೆಡವಿದ್ದು ಎಣ್ಣಿರಿ ಅವ್ವಾರ" ಎಂದೆ.

"ಎಣ್ಣಿಗೆ ಕೈ ಇರೂದಿಲ್ಲ" ಎಂದರು.

ಗೌಡರು ದನಿ ತಗ್ಗಿಸಿದರು. "ರುದ್ರಪ್ಪ, ಈ ಮಾತು ಈ ಹೊಸ್ತಿಲಾ ದಾಟಬಾರದು. ರಬ್ಬರ ಖೋಟಿ ಅಂತ ಊರಿಗೆ ಹೇಳ್ಯಾಗೈತಿ. ಅಲ್ಲಿಗೇ ಇರಲಿ. ನಿನ್ನ ಅಂಗಡಿನೂ ಇರಲಿ."

ನಾನು ಧೈರ್ಯದ ಮನುಷ್ಯನಲ್ಲ. ಅಂಗಡಿ ಹೋದರೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಲಿ ಎಂಬ ಹೆದರಿಕೆ ಇತ್ತು. ಆದರೂ ಏರಿಯ ಮೇಲೆ ನಿಂತಿದ್ದ ಆ ಹೆಂಗಸು ಕಣ್ಣ ಮುಂದೆ ಬಂದಳು. "ಗೌಡ್ರ, ಸುಳ್ಳ ಮಾಲು ನನ್ನ ಅಂಗಡ್ಯಾಗ ಇಡೂದಿಲ್ಲ. ಸುಳ್ಳ ಮಾತು ಎಲ್ಲಿ ಇಡಲ್ರಿ?" ಎಂದೆ. ಗೌಡರು ಬೆನ್ನು ತಿರುಗಿಸಿ ಒಳಗೆ ಹೋದರು. ಅಂಗಡಿಯ ಹಣೆಬರಹ ಏನಾಗುವುದೋ ಎಂದು ಸಂತೆಯ ದಿನದವರೆಗೆ ಸರಿಯಾಗಿ ಊಟ ಸೇರಲಿಲ್ಲ.

ಸಂತೆಯ ದಿನ ಗೌಡರ ಆಳುಗಳು ಸಂತೆಯ ಬಾಯಿಗೆ ನಿಂತಿದ್ದರು. ನೀಲವ್ವ ಒಳಗೆ ಹೋಗಲಾರದೆ ನನ್ನ ಅಂಗಡಿಯ ಎದುರಿನ ಬೇವಿನ ಗಿಡದ ಕೆಳಗೆ ಬುಟ್ಟಿ ಇಟ್ಟುಕೊಂಡು ಕುಳಿತಳು. ನಿಜ ಸಂಗತಿಯನ್ನು ನಾನು ಬಂದವರಿಗೆಲ್ಲ ಹೇಳಿದೆ. ನಂಬಿದವರು ಕಡಿಮೆ. ಅನುಮಾನದ ರುದ್ರಪ್ಪನ ಮೇಲೇ ಅನುಮಾನ!

ಮಧ್ಯಾಹ್ನದ ಹೊತ್ತಿಗೆ ಜನ ಇದ್ದಕ್ಕಿದ್ದಂತೆ ದಾರಿ ಬಿಟ್ಟರು. ಗೌಡಸಾನಿ ಬರುತ್ತಿದ್ದರು, ನಡೆದುಕೊಂಡು. ಗೌಡರ ಮನೆಯ ಹೆಂಗಸರು ಸಂತೆಯ ದಿನ ಬೀದಿಗೆ ಇಳಿದದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನೆಟ್ಟಗೆ ಬೇವಿನ ಗಿಡದ ಕಡೆಗೆ ಬಂದರು. ನೀಲವ್ವ ದಡಬಡಿಸಿ ಎದ್ದು, ರೂಢಿಯಂತೆ ಹಿಂದಕ್ಕೆ ಸರಿದು ನಿಂತಳು.

"ಸರೀಬ್ಯಾಡ. ಕೈ ಚಾಚು."

ನೀಲವ್ವ ಚಾಚಲಿಲ್ಲ. ಗೌಡಸಾನಿ ತಾವೇ ಅವಳ ಕೈ ಹಿಡಿದು, ಸೆರಗಿನಲ್ಲಿ ಕಟ್ಟಿದ್ದ ಒಣಗಿದ ಬನ್ನಿಯ ಎಲೆಗಳನ್ನು ಅಂಗೈಗೆ ಹಾಕಿದರು. ಬನ್ನಿಯ ದಿನ ಕಳೆದುಹೋಗಿತ್ತು. ಅದು ಅವರಿಗೂ ಗೊತ್ತಿತ್ತು.

"ಬನ್ನಿ ತಗೋ ತಂಗಿ, ಬಂಗಾರದಂಗ ಇರೋಣು. ನಿನ್ನ ರಬ್ಬರ ಖರೇ ಐತಿ. ಗಾಲಿಗೆ ಎಣ್ಣಿ ಹಚ್ಚಿದಾಕಿ ನಾನು. ಎಲ್ಲಾರೂ ಕೇಳ್ರಿ, ತಪ್ಪು ನಂದು."

ನೀಲವ್ವ ಎಲೆಗಳನ್ನು ನೋಡಿದಳು, ಗೌಡಸಾನಿಯ ಮುಖ ನೋಡಿದಳು. "ಮಗಂದು ಕಾಲು ಹೆಂಗೈತ್ರಿ ಅವ್ವಾರ?" ಎಂದು ಕೇಳಿದಳು. ಅಷ್ಟು ಕೇಳಿದ್ದೇ ತಡ, ಗೌಡಸಾನಿ ಆ ಬೀದಿಯಲ್ಲೇ ಸೆರಗು ಬಾಯಿಗಿಟ್ಟು ಅತ್ತುಬಿಟ್ಟರು. ನನ್ನ ಕಣ್ಣೂ ಒದ್ದೆಯಾದವು, ಮುಚ್ಚಿಡುವುದೇನು. ಆಳುಗಳು ತಾವಾಗಿಯೇ ದಾರಿ ಬಿಟ್ಟರು. ಗೌಡರು ನನ್ನ ಅಂಗಡಿಯ ಮಾತನ್ನು ಮತ್ತೆ ಎತ್ತಲಿಲ್ಲ.

ಅಂಗಡಿಯನ್ನು ಮಗನಿಗೆ ಒಪ್ಪಿಸಿ ಈಗ ಎಷ್ಟೋ ವರ್ಷ ಆದವು. ಅನುಮಾನ ಪಡಬೇಡ ಎಂದು ಅವನಿಗೆ ನಾನು ಯಾವತ್ತೂ ಹೇಳಿಲ್ಲ. ಪಟ್ಟರೆ ಪೂರ್ತಿ ಪಡು ಎಂದಿದ್ದೇನೆ. ರಬ್ಬರಿನ ಮೇಲೆ ಪಟ್ಟಷ್ಟೇ ರಿಮ್ಮಿನ ಮೇಲೆ, ಬಡವರ ಬುಟ್ಟಿಯ ಮೇಲೆ ಪಟ್ಟಷ್ಟೇ ದೊಡ್ಡವರ ಅಂಗಳದ ಮೇಲೆ. ಅರ್ಧಕ್ಕೆ ನಿಂತ ಅನುಮಾನ ಪರೀಕ್ಷೆಯಲ್ಲ, ಬರೀ ಚಾಡಿ. ನನ್ನ ಕಸುಬು ನನಗೆ ಕಲಿಸಿದ್ದು ಇದೊಂದೇ.

ಆ ಘಟನೆಯ ಮರುವರ್ಷ, ಖಂಡೇ ಪೂಜೆಯ ಮಾರನೆಯ ದಿನ ನೀಲವ್ವ ಬುಟ್ಟಿ ಹೊತ್ತು ಬಂದಳು. ಮಾಲು ಇಳಿಸುವ ಮೊದಲು, ಬಾಗಿಲಲ್ಲಿ ನಿಂತಿದ್ದ ನನ್ನ ಸೈಕಲ್ಲಿನ ರಿಮ್ಮಿಗೆ ಬೆರಳಾಡಿಸಿ, ಮೂಗಿಗೆ ಹಿಡಿದು ನೋಡಿದಳು.

"ಇದೇನ ನೀಲವ್ವ, ನನ್ನ ಗಾಲಿ ಮ್ಯಾಲೂ ಅನುಮಾನೇನು?" ಎಂದೆ.

"ಯಾಕ್ರಿ ಅಣ್ಣಾರ," ಎಂದಳು, "ಅನುಮಾನ ನಿಮ್ಮೊಬ್ಬರ ಸ್ವತ್ತೇನ್ರಿ?"