ಒಂದೇ ಪುಟದ ನಮೂನೆ

ನಾನು ನಿಂತಿದ್ದದ್ದು ನಮ್ಮ ವಿಭಾಗದ ಮೊದಲ ಮಹಡಿಯ ಸೆಮಿನಾರ್ ಕೋಣೆಯಲ್ಲಿ, ಪ್ರೊಜೆಕ್ಟರಿನ ಎಡಕ್ಕೆ, ಬೆನ್ನು ಗೋಡೆಗೆ ತಾಗುವಷ್ಟು ಹಿಂದೆ. ಎರಡು ಸಾವಿರದ ದಶಕದ ಮಧ್ಯದ ಒಂದು ಜನವರಿ. ಮಂಗಳವಾರ ಬೆಳಿಗ್ಗೆ ಹನ್ನೊಂದು ದಾಟಿತ್ತು. ವಾರಾಣಸಿಯ ಮಂಜು ಇನ್ನೂ ಕಿಟಕಿ ಬಿಟ್ಟಿರಲಿಲ್ಲ.

ಮಾತಾಡುತ್ತಿದ್ದಾಕೆ ಮೈಸೂರಿನವರು, ನನ್ನ ಜೊತೆಯ ಸಂಶೋಧಕಿ. ಊರಿನ ಭೇಲೂಪುರ ಬಡಾವಣೆಯಲ್ಲಿ ತಾಯಿಯೊಡನೆ ಬಾಡಿಗೆ ಮನೆಯಲ್ಲಿದ್ದರು. ಅವರ ಫೆಲೋಶಿಪ್ ಮುಗಿಯುತ್ತ ಬಂದಿತ್ತು. ಮುಂದುವರಿಸಬೇಕೋ ಬೇಡವೋ ಎಂಬುದು ಆ ದಿನದ ಮಂಡನೆಯಿಂದ ತೀರ್ಮಾನವಾಗಬೇಕಿತ್ತು.

ನಮ್ಮ ಕೆಲಸ ಹೀಗಿತ್ತು. ಪೂರ್ವಾಂಚಲದ, ಅಂದರೆ ಉತ್ತರ ಪ್ರದೇಶದ ಪೂರ್ವ ಭಾಗದ, ಕಾರ್ಖಾನೆಗಳು ನೂರು ರೂಪಾಯಿ ಮಾರಾಟಕ್ಕೆ ಎಷ್ಟನ್ನು ಸಂಶೋಧನೆಗೆ ಹಾಕುತ್ತವೆ ಎಂದು ಕೇಳಿ, ಬೇರೆ ದೇಶಗಳ ಅಂಕಿಯ ಪಕ್ಕದಲ್ಲಿ ಇಡುವುದು. ಹೋಲಿಕೆ ನಿಲ್ಲಬೇಕಾದರೆ ಎಲ್ಲರೂ ಒಂದೇ ರೀತಿ ಎಣಿಸಬೇಕು: ಸಂಶೋಧನೆ ಎಲ್ಲಿ ನಡೆಯಿತೋ ಆ ಹಣವನ್ನು ಅಲ್ಲಿಯೇ, ಒಂದೇ ಸಲ. ಅದಕ್ಕಾಗಿ ಕಾರ್ಖಾನೆಗೆ ಕಳಿಸುವ ನಮೂನೆಯಲ್ಲಿ ಎರಡು ಸಾಲು ಇರುತ್ತವೆ. ಒಳಗೆ ಮಾಡಿದ್ದು ಒಂದು, ಹೊರಗಿನವರಿಗೆ ಕೊಟ್ಟು ಮಾಡಿಸಿದ್ದು ಇನ್ನೊಂದು.

ನಮೂನೆಯನ್ನು ಹಿಂದಿಗೆ ತಂದವನು ನಾನು. ಅದರ ಕೊನೆಯ ಸಾಲು ಎರಡನೆಯ ಪುಟಕ್ಕೆ ಹರಿಯಿತು. ಮೊದಲ ಕಾರ್ಖಾನೆಯಲ್ಲೇ ಲೆಕ್ಕ ಬರೆಯುವ ಮುನೀಂ ಅದನ್ನು ತಿರುವಿ ಹಾಕಿ, “ಅರೇ ಬಾಬೂಜಿ, ದೋ ಪನ್ನಾ ಕೌನ್ ಭರೇಗಾ?” ಎರಡು ಪುಟ ಯಾರು ತುಂಬುತ್ತಾರೆ ಎಂದು ನಕ್ಕು ವಾಪಸು ಕೊಟ್ಟಿದ್ದ. ಅಂದೇ ನಾನು ಎರಡು ಸಾಲನ್ನು ಕೂಡಿಸಿ ಒಂದು ಮಾಡಿದೆ. ಪುಟ ಒಂದಾಯಿತು, ಉತ್ತರಗಳೂ ಬರತೊಡಗಿದವು.

ಆಕೆ ಗಮನಿಸಿದ್ದರು. “ಇನ್ನೊಂದು ಸಾಲು ಎಲ್ಲಿ ಹೋಯ್ತು ರೀ?”

“ಒಟ್ಟು ಸಿಕ್ಕರೆ ಸಾಕಲ್ಲ. ಆಮೇಲೆ ಬಿಡಿಸಿದರಾಯ್ತು,” ಎಂದಿದ್ದೆ. ಬಿಡಿಸಲಿಲ್ಲ. ಕಾರ್ಖಾನೆಗಳಿಗಾಗಿ ಸಂಶೋಧನೆ ಮಾಡಿಕೊಡುವ ಪ್ರಯೋಗಾಲಯಗಳಿಗೂ ಬರೆದಿದ್ದೆವು; ಅಷ್ಟರಲ್ಲಿ ಅವುಗಳ ಉತ್ತರಗಳೂ ಬಂದವು. ಅವನ್ನೂ ಅದೇ ಪಟ್ಟಿಗೆ ಕೂಡಿಸಿದೆ.

ಮಂಡನೆ ಕೇಳಿ ಫೆಲೋಶಿಪ್ ಬಗ್ಗೆ ವರದಿ ಕೊಡಲು ದೆಹಲಿಯಿಂದ ಒಬ್ಬ ಅತಿಥಿ ಬಂದಿದ್ದರು. ಪಟ್ಟಿ ಪರದೆಯ ಮೇಲೆ ಬಂದಾಗ ಅವರು ಕನ್ನಡಕ ಮೇಲಕ್ಕೆ ಸರಿಸಿದರು. “ವಾಹ್! ನಿಮ್ಮ ಕಾರ್ಖಾನೆಗಳು ಯುರೋಪನ್ನೇ ಹಿಂದೆ ಹಾಕಿವೆಯಲ್ಲ. ಗಂಗಾಜಲದ ಮಹಿಮೆಯೇ?”

ಕೋಣೆ ನಕ್ಕಿತು. ಅವರು ನಗಲಿಲ್ಲ. “ಈ ಪಿಂಗಾಣಿ ಕಾರ್ಖಾನೆ ಹೊಸ ಮೆರುಗಿನ ಪ್ರಯೋಗಕ್ಕೆ ನಿಮ್ಮ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೇ ಹಣ ಕೊಟ್ಟಿದೆ, ಅಲ್ಲವೇ? ಅದು ಎಲ್ಲಿ ಸೇರಿದೆ?”

“ಕಾರ್ಖಾನೆಯ ಅಂಕಿಯಲ್ಲಿ, ಸರ್.”

“ಪ್ರಯೋಗಾಲಯದ ಅಂಕಿಯಲ್ಲಿ?”

ಆಕೆ ಪಟ್ಟಿ ನೋಡಿದರು. ಆಮೇಲೆ ನನ್ನತ್ತ ತಿರುಗಿದರು. ಆ ನೋಟ ಎಷ್ಟು ಹೊತ್ತು ಇತ್ತೆಂದು ಹೇಳಲಾರೆ. ಒಂದು ವಾಕ್ಯ ಆಡುವಷ್ಟಂತೂ ಇತ್ತು. ‘ನಮೂನೆ ಕೂಡಿಸಿದವನು ನಾನು’ ಎಂಬ ವಾಕ್ಯ. ನಾನು ಬಗ್ಗಿ ಪ್ರೊಜೆಕ್ಟರಿಗೆ ಹಾಕಬೇಕಿದ್ದ ಮುಂದಿನ ಹಾಳೆ ತೆಗೆದುಕೊಂಡೆ.

“ಎರಡೂ ಕಡೆ ಸೇರಿದೆ, ಸರ್. ನನ್ನ ತಪ್ಪು,” ಎಂದರು ಆಕೆ.

ನಮ್ಮ ಮಾರ್ಗದರ್ಶಕರು ಕುರ್ಚಿಗೆ ಒರಗಿದರು. “ಸೌತ್‌ನವರಿಗೆ ಬನಾರಸ್ ಚಳಿ ತಾಗಿದೆ,” ಎಂದು ತಮಾಷೆ ಮಾಡಿದರು. ಯಾರೂ ನಗಲಿಲ್ಲ.

ಸಂಜೆ ಅಸ್ಸಿ ಘಾಟಿನ ಚಹಾದಂಗಡಿಯಲ್ಲಿ ಆಕೆ ಮಣ್ಣಿನ ಕುಲ್ಹಡ್ ಕೆಳಗಿಟ್ಟರು. “ನೀವು ಬಾಯಿ ಬಿಡ್ತೀರಿ ಅಂತ ಕಾದೆ,” ಎಂದರು. ಸಿಟ್ಟಿರಲಿಲ್ಲ.

ಮರುದಿನ ನಾನು ಎಲ್ಲವನ್ನೂ ಬರೆದು ಮಾರ್ಗದರ್ಶಕರಿಗೆ ಕೊಟ್ಟೆ. ಅವರು ಓದಿ ಮಡಚಿದರು. “ಅತಿಥಿಗಳ ವರದಿ ನಿನ್ನೆಯೇ ಹೋಯ್ತು, ಭಾಯಿ. ಇದನ್ನು ನಿನ್ನೆ ಹೇಳಬೇಕಿತ್ತು.” ಫೆಲೋಶಿಪ್ ಮುಂದುವರಿಯಲಿಲ್ಲ. ಹೋಳಿ ಹಬ್ಬಕ್ಕೆ ಮೊದಲೇ ತಾಯಿ ಮಗಳು ಮೈಸೂರಿನ ರೈಲು ಹತ್ತಿದರು. ನನ್ನದು ಮುಂದುವರಿಯಿತು.

ಆ ಕೋಣೆಯಲ್ಲಿ ಇಪ್ಪತ್ತು ಜನರಿದ್ದಿರಬಹುದು. ಆಕೆ ನನ್ನತ್ತ ತಿರುಗಿದ್ದನ್ನು, ನಾನು ಬಗ್ಗಿದ್ದನ್ನು ಕಂಡವರು ಕಡಿಮೆ; ಅವರಲ್ಲಿ ಇನ್ನೂ ಬದುಕಿರುವವರು ಯಾರೆಂದು ಈಗಲೂ ಎಣಿಸುತ್ತೇನೆ. ಮಾರ್ಗದರ್ಶಕರು ಕಂಡಿದ್ದರು, ಅವರ ಚಿತೆ ಮಣಿಕರ್ಣಿಕೆಯಲ್ಲಿ ಉರಿಯುವಾಗ ನಾನೂ ಅಲ್ಲಿದ್ದೆ. ಅತಿಥಿ ಇದ್ದಾರೋ ಇಲ್ಲವೋ ತಿಳಿಯದು. ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ವಿಭಾಗದ ಹಳೆಯ ಜವಾನ ಕಂಡಿದ್ದಾನೆ. ನಿವೃತ್ತನಾಗಿ ಇದೇ ಊರಿನಲ್ಲಿದ್ದಾನೆ. ಆಕೆ ಇದ್ದಾರೆ, ಒಂದು ಕಾಲೇಜಿನಲ್ಲಿ ಅಂಕಿಅಂಶ ಕಲಿಸುತ್ತಾರೆ.